ಮಿಂಚುಳ್ಳಿಯ ಪಕ್ಕದ ಠಸ್ಸೆ

ನಮ್ಮ ಅಂಚೆಚೀಟಿ ಸಂಘದಲ್ಲಿ ಹದಿನಾಲ್ಕು ಜನ ಇದ್ದೇವೆ, ಹದಿನಾಲ್ಕು ಜನಕ್ಕೂ ಒಂದೊಂದು ಹುಚ್ಚು. ಹಕ್ಕಿ ಡಾಕ್ಟರು ದನಕರುಗಳಿಗೆ ಸೂಜಿ ಚುಚ್ಚುವ ವೈದ್ಯರು. ಹಕ್ಕಿಯ ಚಿತ್ರ ಇಲ್ಲದ ಚೀಟಿ ಅವರ ಕಣ್ಣಿಗೇ ಬೀಳುವುದಿಲ್ಲ. ಅಧ್ಯಕ್ಷರಾದ ಮೇಷ್ಟ್ರು ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು, ನಕ್ಷೆ ಇರುವ ಚೀಟಿಗಳನ್ನು ಮಾತ್ರ ಕೂಡಿಡುತ್ತಾರೆ. ನನ್ನದು ಇವರೆಲ್ಲರಿಗಿಂತ ಒಣ ಹುಚ್ಚು. ನಾನು ಚೀಟಿಯನ್ನೇ ನೋಡುವುದಿಲ್ಲ, ಅದರ ಮೇಲೆ ಅಂಚೆಯವರು ಹೊಡೆದ ಠಸ್ಸೆಯನ್ನು ನೋಡುತ್ತೇನೆ. ಅದೂ ಎಲ್ಲ ಠಸ್ಸೆಗಳನ್ನಲ್ಲ. ಎಂದೋ ಮುಚ್ಚಿಹೋದ ಒಂದು ಕವಲು ರೈಲುದಾರಿಯ ಒಂಬತ್ತು ನಿಲ್ದಾಣಗಳ ಠಸ್ಸೆಗಳನ್ನು ಮಾತ್ರ. ಸಂಘದಲ್ಲಿ ನನ್ನ ಹೆಸರು ಠಸ್ಸೆಯಕ್ಕ. ಹೊಟ್ಟೆಪಾಡಿಗೆ ಹಲ್ಲಿನ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಕೂತು ಕಟ್ಟುಹಲ್ಲು ಮಾಡುತ್ತೇನೆ. ಅರವತ್ತು ದಾಟಿದವರಲ್ಲಿ ಅರ್ಧ ಜನ ಇಲ್ಲಿ ನಗುವುದು ನಾನು ಮಾಡಿಕೊಟ್ಟ ಹಲ್ಲಿನಿಂದ. ಅದಕ್ಕೇ ಇರಬೇಕು, ಯಾರ ನಗುವನ್ನೂ ನಾನು ಸುಲಭಕ್ಕೆ ನಂಬುವುದಿಲ್ಲ.

ನನ್ನ ಸಂಗ್ರಹದ ಜೀವ ಒಂದೇ ಒಂದು ಕಾರ್ಡಿನಲ್ಲಿದೆ. ಆ ರೈಲುದಾರಿಯ ನಾಲ್ಕನೆಯ ನಿಲ್ದಾಣ ಒಂದು ಸೇತುವೆಯ ಬುಡದಲ್ಲಿತ್ತು. ಅಲ್ಲಿನ ಅಂಚೆಯವನು ಒಂದು ದಿನ ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಠಸ್ಸೆಯೊಳಗಿನ ತಿಂಗಳ ಅಚ್ಚನ್ನು ತಲೆಕೆಳಗಾಗಿ ಕೂರಿಸಿದ. ಸಂಜೆಯ ಹೊತ್ತಿಗೆ ಯಾರೋ ನೋಡಿ ಸರಿಮಾಡಿರಬೇಕು. ಆ ಒಂದು ದಿನ ಹೊರಟ ಕಾಗದಗಳಲ್ಲಿ ಉಳಿದಿರುವುದು, ನನಗೆ ತಿಳಿದಂತೆ, ನನ್ನ ಕಾರ್ಡು ಮಾತ್ರ. ಹನ್ನೊಂದು ವರ್ಷ ಹುಡುಕಿದ ಮೇಲೆ ಹಳೆಯ ಅಡಿಗೆ ಪುಸ್ತಕವೊಂದರ ನಡುವೆ ಅದು ಸಿಕ್ಕಿದ ದಿನ ನಾನು ಅಂಗಡಿಯವನ ಎದುರಿಗೇ ಅತ್ತುಬಿಟ್ಟಿದ್ದೆ.

ಆರು ವರ್ಷದ ಹಿಂದೆ ಅದನ್ನು ಅಂಚೆಚೀಟಿ ಸಂಘಗಳ ಒಕ್ಕೂಟದ ಸ್ಪರ್ಧೆಗೆ ಇಟ್ಟೆ. ತೀರ್ಪುಗಾರರು ಪ್ಲಾಸ್ಟಿಕ್ ಕವಚದ ಮೇಲಿಂದಲೇ ಒಂದು ನಿಮಿಷ ನೋಡಿ, "ಇನ್ನೊಂದು ಪ್ರತಿ ಸಿಗುವವರೆಗೆ ಸಂಶಯಾಸ್ಪದ" ಎಂದು ಬರೆದರು. ಬರೆದದ್ದಕ್ಕಿಂತ ಬಾಯಲ್ಲಿ ಹೇಳಿದ್ದು ಹೆಚ್ಚು ಚುಚ್ಚಿತು. "ನಿಮ್ಮ ಯಜಮಾನರದು ಸೀಲಿನ ಅಂಗಡಿಯಂತೆ, ಅಲ್ವಾ ತಾಯಿ," ಎಂದು ನಕ್ಕರು. ಅಂದಿನಿಂದ ನಮ್ಮ ಮನೆಯಲ್ಲಿ ಅವರ ಹೆಸರು ಸಂಶಯಪ್ಪ.

ಸೀಲಿನ ಅಂಗಡಿ ಇರುವುದು ನಿಜ. ನನ್ನ ಗಂಡ ಕಚೇರಿಗಳ ಬೀದಿಯಲ್ಲಿ, ಎರಡು ಜೆರಾಕ್ಸ್ ಅಂಗಡಿಗಳ ನಡುವಿನ ಗೂಡಿನಂಥ ಜಾಗದಲ್ಲಿ ಕೂತು ರಬ್ಬರ್ ಸೀಲು ಮಾಡುತ್ತಾರೆ. ಈಗ ಎಲ್ಲ ಯಂತ್ರದಲ್ಲಿ ಆಗುತ್ತದೆ, ಆದರೆ ಬ್ಲೇಡು ಹಿಡಿದು ಕೈಯಲ್ಲಿ ಅಕ್ಷರ ಕೊರೆಯಬಲ್ಲವರು ಈ ಕಡೆ ಅವರೊಬ್ಬರೇ. ಕಚೇರಿಯ ಸೀಲು ಮಾಡಬೇಕಾದರೆ ಆ ಕಚೇರಿಯ ಪತ್ರ ಬೇಕು. ಪತ್ರವಿಲ್ಲದೆ ಮಾಡಿದರೆ ಪರವಾನಗಿ ಹೋಗುತ್ತದೆ. ಹಿಂದಿನ ಬೀದಿಯಲ್ಲಿ ಹಾಗೆ ಮಾಡಿದವನ ಅಂಗಡಿಗೆ ಬೀಗ ಬಿದ್ದು ನಾಲ್ಕು ವರ್ಷವಾಯಿತು, ಬೀಗ ತುಕ್ಕು ಹಿಡಿದಿದೆ, ಅವನು ಇನ್ನೂ ಕೋರ್ಟಿಗೆ ಅಲೆಯುತ್ತಿದ್ದಾನೆ.

ಇನ್ನು ಸಂಘದ ಒಂದು ಪದ್ಧತಿಯನ್ನು ಹೇಳಬೇಕು. ವರ್ಷಕ್ಕೊಮ್ಮೆ ಗ್ರಂಥಾಲಯದ ಮಹಡಿಯಲ್ಲಿ "ಹೊರಗಿನ ಮೇಜು" ನಡೆಯುತ್ತದೆ. ಒಂದು ಉದ್ದ ಮೇಜಿನ ಮೇಲೆ ಮೂವತ್ತು ನಲವತ್ತು ಲಕೋಟೆ, ಚೀಟಿ, ಕಾರ್ಡುಗಳನ್ನು ಹರಡುತ್ತಾರೆ. ಎಲ್ಲದಕ್ಕೂ ಒಂದೇ ಬೆಲೆ. ಅದಕ್ಕೆ ಮೊದಲು ಕೆಳಮಹಡಿಯಲ್ಲಿ ಇಡುವ ಪೆಟ್ಟಿಗೆಯಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಹಾಕಬಹುದು, ಜೊತೆಗೆ ತಮ್ಮ ಹೆಸರಿನ ಚೀಟಿಯನ್ನು ಅಂಟಿಸಿ ಮುಚ್ಚಿಡಬೇಕು. ಪ್ರತಿಯೊಬ್ಬರೂ ತಮ್ಮ ಕ್ಷೇತ್ರದ್ದಲ್ಲದ ಒಂದನ್ನು, ಬರೀ ಚೆಂದ ಎನ್ನುವ ಕಾರಣಕ್ಕೆ, ಕೊಳ್ಳಲೇಬೇಕು. ಭೂತಗನ್ನಡಿ ಜೇಬಿನಿಂದ ಹೊರಗೆ ಬರಕೂಡದು. ಮುಂದಿನ ಭಾನುವಾರ ಎದ್ದುನಿಂತು, ಅದನ್ನು ಯಾಕೆ ಇಷ್ಟಪಟ್ಟೆ ಎಂದು ಹೇಳಬೇಕು. ಆಮೇಲೆ ಆ ಕ್ಷೇತ್ರ ಬಲ್ಲವರು ಕಾಲೆಳೆಯುತ್ತಾರೆ, ಹೆಸರಿನ ಚೀಟಿ ಒಡೆಯುತ್ತಾರೆ, ಎಲ್ಲರೂ ನಗುತ್ತಾರೆ. ಪ್ರತಿ ವರ್ಷ ನಾನು ಮೇಜಿನ ತುದಿಯಲ್ಲಿದ್ದ ಯಾವುದೋ ಒಂದನ್ನು ಕಣ್ಣುಮುಚ್ಚಿ ಎತ್ತಿಕೊಂಡು, "ಕೈಗೆ ಇದು ಹತ್ತಿರ ಇತ್ತು" ಎಂದು ಹೇಳಿ ಕೂತುಬಿಡುತ್ತಿದ್ದೆ.

ಈ ವರ್ಷ ಹಾಗಾಗಲಿಲ್ಲ. ಮೇಜಿನ ನಡುವೆ ಒಂದು ಸಣ್ಣ ತಿಳಿನೀಲಿ ಲಕೋಟೆ ಇತ್ತು. ಅದರ ಮೂಲೆಯಲ್ಲಿ ಒಂದು ಮಿಂಚುಳ್ಳಿ. ಎದೆ ಕಿತ್ತಳೆ, ಬೆನ್ನು ನೀಲಿ, ಕೊಕ್ಕು ಕೆಳಗಿನ ನೀರಿನತ್ತ. ಠಸ್ಸೆ ಹಕ್ಕಿಯ ಮೈಮೇಲೆ ಬಿದ್ದಿರಲಿಲ್ಲ. ಚೀಟಿಯ ಒಂದು ಮೂಲೆಯನ್ನಷ್ಟೇ ಹಿಡಿದು, ಕೊಕ್ಕಿನಿಂದ ಕೂದಲೆಳೆಯಷ್ಟು ದೂರದಲ್ಲಿ ನಿಂತಿತ್ತು. ಅದರ ಗೆರೆ ತೆಳುವಾಗಿತ್ತು, ಕನ್ನಡಿ ಇಲ್ಲದೆ ಅಕ್ಷರ ಓದಲು ಆಗುತ್ತಿರಲಿಲ್ಲ. ಓದಬೇಕು ಎಂದೂ ನನಗೆ ಅನ್ನಿಸಲಿಲ್ಲ. ಹಕ್ಕಿ ಡಾಕ್ಟರು ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಅದರ ಫೋಟೋ ತೆಗೆಯುತ್ತಿದ್ದರು. ಹಕ್ಕಿ ಅವರ ಕ್ಷೇತ್ರವಾದ್ದರಿಂದ ಅವರು ಆ ದಿನ ಅದನ್ನು ಕೊಳ್ಳುವ ಹಾಗಿರಲಿಲ್ಲ, ಮುಖದಲ್ಲಿ ಹಸಿದವರ ಕಳೆಯಿತ್ತು. ನಾನು ಕೈಚಾಚಿ ಲಕೋಟೆಯನ್ನು ಎತ್ತಿಕೊಂಡೆ.

"ಠಸ್ಸೆಯಕ್ಕ ಹಕ್ಕಿ ಹಿಡಿದರು," ಎಂದರು ಮೇಷ್ಟ್ರು. ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ. ದಾರಿಯುದ್ದಕ್ಕೂ ಚೀಲದೊಳಗೆ ಕೈಹಾಕಿ ಅದನ್ನು ಮುಟ್ಟಿಮುಟ್ಟಿ ನೋಡಿಕೊಂಡು ಬಂದೆ.

ಮನೆಗೆ ಬಂದು, ಊಟ ಮುಗಿಸಿ, ಕಿಟಕಿಯ ಬಳಿ ಕೂತು, ಹಕ್ಕಿಯ ಗರಿಗಳನ್ನು ನೋಡೋಣವೆಂದು ಭೂತಗನ್ನಡಿ ಹಿಡಿದೆ. ಗರಿ ನೋಡಿದೆ. ಕಣ್ಣು ತನ್ನ ಹಳೆಯ ಚಾಳಿಗೆ ಪಕ್ಕಕ್ಕೆ ಜಾರಿತು. ಸೇತುವೆ ನಿಲ್ದಾಣ. ಅದೇ ತಾರೀಕು. ತಿಂಗಳು ತಲೆಕೆಳಗು.

ಎರಡನೆಯ ಪ್ರತಿ. ಆರು ವರ್ಷದ ಅವಮಾನ ಇನ್ನು ಮುಗಿಯಿತು ಎಂದುಕೊಂಡೆ. ಅಷ್ಟು ಹೊತ್ತು, ಬಹುಶಃ ಕಾಲು ನಿಮಿಷ, ನನ್ನಷ್ಟು ಸುಖಿ ಯಾರೂ ಇರಲಿಲ್ಲ.

ಆಮೇಲೆ ಠಸ್ಸೆಯ ಉಂಗುರದಲ್ಲಿ ಒಂದು ಸಣ್ಣ ಬಿರುಕು ಕಾಣಿಸಿತು, ಬಲಗಡೆ, ಗಡಿಯಾರದಲ್ಲಿ ನಾಲ್ಕು ಗಂಟೆ ಇರುವ ಜಾಗದಲ್ಲಿ. ಆ ಬಿರುಕು ನನಗೆ ಗೊತ್ತು. ನನ್ನ ಕಾರ್ಡಿನಲ್ಲೂ ಅದೇ ಜಾಗದಲ್ಲಿ ಇದೆ. ಆದರೆ ಕಾರ್ಡಿನಲ್ಲಿ ಅದು ಬಿರುಕಲ್ಲ, ತೂತು. ಪುಸ್ತಕದ ಹುಳವೊಂದು ಕಾರ್ಡನ್ನು ಕೊರೆದು ಆ ಕಡೆಯಿಂದ ಈ ಕಡೆಗೆ ಬಂದಿತ್ತು; ಸೂಜಿಮೊನೆಯಷ್ಟು ತೂತು. ಹುಳ ತಿಂದದ್ದು ನನ್ನ ಕಾರ್ಡನ್ನು, ಅಂಚೆ ಕಚೇರಿಯ ಸೀಲನ್ನಲ್ಲ. ಹಾಗಿರುವಾಗ ಬೇರೊಂದು ಲಕೋಟೆಯ ಮೇಲಿನ ಠಸ್ಸೆಯಲ್ಲಿ ಆ ಜಾಗ ಹರಿದಿರುವುದು ಹೇಗೆ?

ಹೇಗೆಂದರೆ, ಯಾರೋ ನನ್ನ ಕಾರ್ಡನ್ನು ನೋಡಿ ಸೀಲು ಕೊರೆದಿದ್ದಾರೆ. ಕವಚದ ಹಿಂದೆ ಬಿಳಿ ಹಾಳೆ ಇದೆ. ಮೇಲಿಂದ ನೋಡಿದರೆ ತೂತು ತೂತಾಗಿ ಕಾಣದೆ ಗೆರೆ ಹರಿದ ಹಾಗೆ ಕಾಣುತ್ತದೆ. ಕೊರೆದವರು ಅದನ್ನೂ ಬಿಡದೆ, ಶ್ರದ್ಧೆಯಿಂದ ಕೊರೆದಿದ್ದರು. ಅಷ್ಟು ಶ್ರದ್ಧೆ ಇರುವ ಕೈ ನನಗೆ ತಿಳಿದಂತೆ ಒಂದೇ.

ಅಡಿಗೆಮನೆಯಲ್ಲಿ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಅವರ ಬಾಯಲ್ಲಿರುವುದೂ ನಾನು ಮಾಡಿದ ಹಲ್ಲೇ.

"ಅತ್ತೆ, ನನ್ನ ಆಲ್ಬಮ್ ಯಾರಾದ್ರೂ ತೆಗೆದಿದ್ರಾ?"

"ನಿನ್ನ ಗಂಡ ಹೋದ ತಿಂಗಳು ಹಾಸಿಗೆ ಮೇಲೆ ಇಟ್ಕೊಂಡು ಫೋಟೋ ಹೊಡೀತಿದ್ದ. ನಿನಗೆ ಹೇಳ್ಬೇಡ ಅಂದ. ನಾನು ಯಾಕೆ ಹೇಳ್ಲಿ," ಎಂದು ಅತ್ತೆ ಇನ್ನೊಂದು ಬಟಾಣಿ ಸುಲಿದರು.

ಮರುದಿನ ಆಸ್ಪತ್ರೆಯಿಂದ ನೇರ ಅಂಗಡಿಗೆ ಹೋದೆ. ಸುಟ್ಟ ರಬ್ಬರಿನ ವಾಸನೆ, ಗೋಡೆಯ ತುಂಬ ಮರದ ಹಿಡಿಗಳು, ಚೌಕಟ್ಟಿನಲ್ಲಿ ಹಾಕಿದ ಪರವಾನಗಿ. ಅವರು ಯಾವುದೋ ಶಾಲೆಯ ಸೀಲನ್ನು ಶಾಯಿಯಲ್ಲಿ ಅದ್ದಿ ಕಾಗದದ ಮೇಲೆ ಒತ್ತಿ ನೋಡುತ್ತಿದ್ದರು. ನಾನು ಲಕೋಟೆಯನ್ನು ಅವರ ಮುಂದೆ ಇಟ್ಟೆ. ಅವರ ಮುಖದ ಬಣ್ಣ ಇಳಿಯಿತು.

"ಇದು ನಿನ್ನ ಕೈಗೆ ಬರಬಾರದಿತ್ತು," ಎಂದರು. ತಾವು ಮಾಡಿಲ್ಲ ಎನ್ನಲಿಲ್ಲ. ಅಷ್ಟರಮಟ್ಟಿಗೆ ಒಳ್ಳೆಯವರು.

"ಮತ್ತೆ ಯಾರ ಕೈಗೆ ಬರಬೇಕಿತ್ತು?"

"ಯಾರಾದ್ರೂ. ನಿನ್ನೊಬ್ಬಳನ್ನ ಬಿಟ್ಟು. ಯಾರೋ ಹಕ್ಕಿ ನೋಡಿ ಕೊಳ್ತಾರೆ, ಮನೆಗೆ ಹೋಗಿ ಠಸ್ಸೆ ನೋಡ್ತಾರೆ, ಓಡಿಬಂದು ನಿನಗೆ ತೋರಿಸ್ತಾರೆ, ಅಂದ್ಕೊಂಡೆ. ಬೇರೆಯವರು ಕಂಡುಹಿಡಿದ್ರೆ ತಾನೇ ಅದಕ್ಕೆ ಬೆಲೆ." ಅವರು ಶಾಯಿಯ ಡಬ್ಬಿಯ ಮುಚ್ಚಳವನ್ನು ಮುಚ್ಚಿ ತೆಗೆದು ಮಾಡುತ್ತಿದ್ದರು. "ಇಪ್ಪತ್ತಾರು ವರ್ಷದಲ್ಲಿ ನೀನು ಚೆಂದ ಅಂತ ಒಂದು ಸಾಮಾನು ಕೊಂಡಿದ್ದು ನಾನು ನೋಡಿಲ್ಲ ಕಣೇ. ಕಿಟಕಿ ಪರದೆ ತಗೊಳ್ಳೋವಾಗ್ಲೂ ಕೊಳೆ ಕಾಣದ ಬಣ್ಣ ಕೊಡಿ ಅಂತೀಯ. ನೀನು ಮಿಂಚುಳ್ಳಿ ಎತ್ಕೊಳ್ತೀಯ ಅಂತ ಯಾವ ದೇವರಿಗೆ ಗೊತ್ತಿತ್ತು?"

ನನಗೆ ಸಿಟ್ಟು ನೆತ್ತಿಗೇರಿತು. "ನನ್ನ ಕಾರ್ಡು ನಿಜವಾದದ್ದು. ಅದಕ್ಕೆ ನಿಮ್ಮ ಸುಳ್ಳಿನ ಆಸರೆ ಯಾಕೆ ಬೇಕಿತ್ತು? ಇದು ಹೊರಗೆ ಬಂದ್ರೆ ಏನಾಗುತ್ತೆ ಗೊತ್ತಾ? ಎರಡನೇದು ಮಾಡಿದವರೇ ಮೊದಲನೇದನ್ನೂ ಮಾಡಿದ್ರು ಅಂತಾರೆ. ಸಂಶಯಪ್ಪನ ಮಾತಿಗೆ ನೀವೇ ಸಾಕ್ಷಿ ಮಾಡಿಕೊಟ್ರಿ. ಈ ಅಂಗಡಿಗೆ ಬೀಗ ಬೀಳುತ್ತೆ."

"ಆರು ವರ್ಷದಿಂದ ನೀನು ಆ ಆಲ್ಬಮ್ಮನ್ನ ಮೂರನೇ ಪುಟ ದಾಟಿ ತಿರುವಿಲ್ಲ," ಎಂದರು ನನ್ನ ಗಂಡ.

ಕಾರ್ಡು ಇರುವುದು ನಾಲ್ಕನೆಯ ಪುಟದಲ್ಲಿ. ಇದನ್ನು ಅವರು ಗಮನಿಸಿದ್ದಾರೆಂದು ನನಗೆ ಗೊತ್ತಿರಲಿಲ್ಲ.

"ಆ ಸೀಲು ಎಲ್ಲಿ?"

"ಚೂರು ಮಾಡಿ ಬಿಸಾಕಿದೆ. ಲಕೋಟೆನೂ ಒಲೆಗೆ ಹಾಕು. ಕಳೆದುಹೋಯ್ತು ಅನ್ನು. ನಿನ್ನ ಮಾತನ್ನ ಯಾರು ಅನುಮಾನಿಸ್ತಾರೆ?"

ಹಾಗೆಯೇ ಮಾಡುವುದೆಂದು ತೀರ್ಮಾನಿಸಿ ಮನೆಗೆ ಬಂದೆ. ಚಪ್ಪಲಿ ಬಿಡುವಷ್ಟರಲ್ಲಿ ಫೋನು ಬಂತು. ಹಕ್ಕಿ ಡಾಕ್ಟರು.

"ಅಕ್ಕ, ಕೂತ್ಕೊಂಡು ಮಾತಾಡಿ. ನಾನು ಆ ಮಿಂಚುಳ್ಳಿ ಫೋಟೋ ದೊಡ್ಡದು ಮಾಡಿ ನೋಡ್ತಿದ್ದೆ. ಪಕ್ಕದ ಠಸ್ಸೆ ನಿಮ್ಮ ಸೇತುವೆದು. ತಿಂಗಳು ತಲೆಕೆಳಗು. ನೀವು ನೋಡಿದ್ರಾ?"

"ಇಲ್ಲ," ಎಂದೆ.

"ನೋಡಿ ಮತ್ತೆ, ನಿಮ್ಮ ಮೂಗಿನ ಕೆಳಗೇ ಇದೆ. ನಾನು ಮೇಷ್ಟ್ರಿಗೆ ಹೇಳಿದೆ. ಅವರು ಆಗಲೇ ಒಕ್ಕೂಟಕ್ಕೆ ಫೋನ್ ಮಾಡಿದ್ರು. ಭಾನುವಾರ ಆ ತೀರ್ಪುಗಾರರು ಖುದ್ದು ಬರ್ತಾರಂತೆ. ನಿಮ್ಮ ಕಾರ್ಡು ಗೆದ್ದಿತು ಅಕ್ಕ." ಆ ಮನುಷ್ಯನ ದನಿ ನಡುಗುತ್ತಿತ್ತು, ಸಂತೋಷದಿಂದ. ನನ್ನ ಪರವಾಗಿ ಇಷ್ಟು ಸಂತೋಷಪಟ್ಟವರು ಕಡಿಮೆ.

ಒಲೆಯ ದಾರಿ ಮುಚ್ಚಿತು. ಇನ್ನು ಎರಡೇ ದಾರಿ. ಬಾಯಿ ಮುಚ್ಚಿಕೊಂಡಿದ್ದರೆ ಸುಳ್ಳು ಒಕ್ಕೂಟದ ವಾರ್ಷಿಕ ಪುಸ್ತಕದಲ್ಲಿ ಅಚ್ಚಾಗುತ್ತದೆ, ನಾಳೆ ಆ ದಾರಿಯ ಠಸ್ಸೆಗಳನ್ನು ಹುಡುಕುವ ಯಾರೋ ಪಾಪದವರು ಅದನ್ನೇ ನಂಬುತ್ತಾರೆ. ಬಾಯಿ ಬಿಟ್ಟರೆ ಗಂಡನ ಅಂಗಡಿ ಹೋಗುತ್ತದೆ, ಕಾರ್ಡಿನ ಮಾನವೂ ಹೋಗುತ್ತದೆ.

ಆ ವಾರ ಆಸ್ಪತ್ರೆಯಲ್ಲಿ ಎರಡು ಸಲ ತಪ್ಪು ಮಾಡಿದೆ. ನನ್ನ ಕೆಲಸದಲ್ಲಿ ಮೊದಲು ಮೇಣದಲ್ಲಿ ಹಲ್ಲು ಕೊರೆಯಬೇಕು, ಆಮೇಲೆ ಅದರ ಅಚ್ಚು ತೆಗೆಯಬೇಕು. ಅಚ್ಚು ತೆಗೆಯುವ ಗುಲಾಬಿ ಬಣ್ಣದ ಮೆತ್ತನೆಯ ರಬ್ಬರು ಕೂದಲೆಳೆಯ ಗೀರನ್ನೂ ಬಿಡದೆ ಎತ್ತಿಕೊಳ್ಳುತ್ತದೆ. ಗುರುವಾರ ಒಂದು ಮುಂದಿನ ಹಲ್ಲನ್ನು ಹಿಂದುಮುಂದಾಗಿ ಕೂರಿಸಿದೆ. ನೋಡಿ ನನಗೇ ನಗು ಬಂತು. ಸೇತುವೆ ನಿಲ್ದಾಣದ ಅಂಚೆಯವನ ಮೇಲೆ ಅಂದು ಮೊದಲ ಬಾರಿಗೆ ಪ್ರೀತಿ ಹುಟ್ಟಿತು.

ಶನಿವಾರ ಸಂಜೆ ಗಂಡನಿಗೆ ಹೇಳಿದೆ. "ನಾಳೆ ಅದು ನಕಲಿ ಅಂತ ಹೇಳ್ತೀನಿ. ಯಾರು ಮಾಡಿದ್ದು ಅಂತ ಹೇಳಲ್ಲ."

"ಕೇಳ್ತಾರಲ್ಲ."

"ಕೇಳ್ಲಿ. ನೀವು ಆ ಕಡೆ ತಲೆ ಹಾಕ್ಬೇಡಿ, ಅಷ್ಟು ಮಾಡಿ ಸಾಕು."

ಭಾನುವಾರ ಹತ್ತು ಗಂಟೆಗೆ ಗ್ರಂಥಾಲಯದ ಮಹಡಿ ತುಂಬಿತ್ತು. ಅಪರೂಪಕ್ಕೆ ಬರುವ ಸದಸ್ಯರೂ, ಬೇರೆ ಸಂಘದವರೂ ಬಂದಿದ್ದರು. ಸಂಶಯಪ್ಪ ಮೊದಲ ಸಾಲಿನಲ್ಲಿ ಕೂತಿದ್ದರು. ಮಡಿಸಿದ ಬಿಳಿ ಕರವಸ್ತ್ರದ ಮೇಲೆ ಅವರ ಭೂತಗನ್ನಡಿ. ಮೇಷ್ಟ್ರು ನನ್ನನ್ನು ಕರೆದು ಮೇಜಿನ ಮುಂದೆ ನಿಲ್ಲಿಸಿದರು. ನಾನು ಒಂದು ಕಡೆ ಮಿಂಚುಳ್ಳಿಯನ್ನು, ಇನ್ನೊಂದು ಕಡೆ ಕವಚದೊಳಗಿದ್ದ ಕಾರ್ಡನ್ನು ಇಟ್ಟೆ. ಹೇಳಬೇಕಾದ ಮಾತನ್ನು ದಾರಿಯಲ್ಲಿ ನೂರು ಸಲ ಹೇಳಿಕೊಂಡು ಬಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಸಂಶಯಪ್ಪ ಎದ್ದರು.

"ಒಂದು ನಿಮಿಷ ತಾಯಿ. ಮೊದಲು ನಾನು ನೋಡ್ತೀನಿ."

ಅವರು ಬಾಗಿ ನೋಡಿದರು. ಮಿಂಚುಳ್ಳಿಯನ್ನು ನೋಡಿದರು, ಕಾರ್ಡನ್ನು ನೋಡಿದರು, ಮತ್ತೆ ಮಿಂಚುಳ್ಳಿಗೆ ಬಂದರು. ಹೀಗೇ ಐದು ನಿಮಿಷ ನೋಡಿದರು. ಹಕ್ಕಿ ಡಾಕ್ಟರು ಉಗುರು ಕಚ್ಚುತ್ತಿದ್ದರು. ಕಂಡುಹಿಡಿಯಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರೇ ಕಂಡುಹಿಡಿದರೆ ನಾನು ಬಾಯಿ ತೆರೆಯಬೇಕಾಗಿಲ್ಲ.

ಸಂಶಯಪ್ಪ ನೆಟ್ಟಗೆ ನಿಂತು ಕರವಸ್ತ್ರದಿಂದ ಕನ್ನಡಿ ಒರೆಸಿದರು.

"ಆರು ವರ್ಷದ ಹಿಂದೆ ನಾನು ಈ ತಾಯಿಗೆ ಅನ್ಯಾಯ ಮಾಡಿದೆ," ಎಂದರು. "ಎರಡೂ ಒಂದೇ ಸೀಲಿನಿಂದ ಬಿದ್ದ ಠಸ್ಸೆಗಳು. ಅದಕ್ಕೆ ಸಾಕ್ಷಿ ಇಲ್ಲೇ ಇದೆ. ನಾಲ್ಕು ಗಂಟೆಯ ಜಾಗದಲ್ಲಿ ಉಂಗುರ ಹರಿದಿದೆ, ಎರಡರಲ್ಲೂ ಒಂದೇ ಕಡೆ, ಒಂದೇ ಅಳತೆಗೆ. ಸೀಲಿಗೆ ಎಲ್ಲೋ ಪೆಟ್ಟು ಬಿದ್ದಿರಬೇಕು. ಇಂಥ ಗುರುತನ್ನ ಯಾರೂ ಕಲ್ಪಿಸಿ ಮಾಡೋಕಾಗಲ್ಲ. ಕಾರ್ಡು ಅಸಲಿ. ಅದನ್ನ ನಾನು ಇವತ್ತೇ ಬರೆದುಕೊಡ್ತೀನಿ."

ಚಪ್ಪಾಳೆ ಬಿತ್ತು. ಹಕ್ಕಿ ಡಾಕ್ಟರು ಎದ್ದುನಿಂತು ತಟ್ಟುತ್ತಿದ್ದರು. ಮೇಷ್ಟ್ರು ಕಣ್ಣೊರೆಸಿಕೊಂಡರು. ಆರು ವರ್ಷ ನಾನು ಯಾವ ಮಾತಿಗಾಗಿ ಹಲ್ಲು ಕಚ್ಚಿಕೊಂಡು ಕಾದಿದ್ದೆನೋ ಆ ಮಾತು, ಆ ಬಾಯಿಂದಲೇ, ಎಲ್ಲರ ಎದುರಿಗೆ ಬಂದಿತ್ತು. ನಾನು ಮಾಡಬೇಕಾಗಿದ್ದು ಏನೂ ಇರಲಿಲ್ಲ, ನಮಸ್ಕಾರ ಮಾಡಿ ಕೂತುಕೊಂಡರೆ ಸಾಕಿತ್ತು. ಕೂತುಕೊಳ್ಳಬೇಕೆಂದು ನನಗೆ ಎಷ್ಟು ಆಸೆಯಾಯಿತೆಂದರೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡೆ ಕೂಡ.

ಆದರೆ ಕಾರ್ಡು ಅಸಲಿ ಎಂದು ಅವರು ಹೇಳಿದ್ದು ಒಂದು ಹುಳದ ತೂತನ್ನು ನೋಡಿ. ಆರು ವರ್ಷದ ಹಿಂದೆಯೂ ಕವಚದ ಮೇಲಿಂದ ನೋಡಿದರು, ಇಂದೂ ಕವಚದ ಮೇಲಿಂದಲೇ ನೋಡಿದರು. ಅಂದು ತಪ್ಪು ಹೇಳಿದಾಗ ಬಂದ ಸಿಟ್ಟಿಗಿಂತ, ಸರಿಯಾದ ಮಾತನ್ನು ತಪ್ಪು ಕಾರಣಕ್ಕೆ ಹೇಳಿದಾಗ ಬಂದ ಸಿಟ್ಟು ದೊಡ್ಡದಾಗಿತ್ತು. ನಾನು ಚಿಮಟದಿಂದ ಕಾರ್ಡನ್ನು ಕವಚದ ಹೊರಗೆ ತೆಗೆದೆ.

"ಎಲ್ಲರೂ ಈ ಕಡೆ ನೋಡಿ," ಎಂದು ಕಿಟಕಿಯ ಬಳಿಗೆ ಹೋಗಿ ಅದನ್ನು ಬಿಸಿಲಿಗೆ ಹಿಡಿದೆ.

ಹತ್ತೂಕಾಲರ ಬಿಸಿಲು ನೇರ ಬರುತ್ತಿತ್ತು. ಠಸ್ಸೆಯ ಉಂಗುರದಲ್ಲಿ, ನಾಲ್ಕು ಗಂಟೆಯ ಜಾಗದಲ್ಲಿ, ಬೆಳಕಿನ ಒಂದು ಚುಕ್ಕೆ ಹೊಳೆಯಿತು.

"ಇದು ಸೀಲಿಗೆ ಬಿದ್ದ ಪೆಟ್ಟಲ್ಲ. ಹುಳ ಕೊರೆದ ತೂತು. ನನ್ನ ಕಾರ್ಡಿನದ್ದು. ಆ ಲಕೋಟೆಯಲ್ಲಿ ತೂತಿಲ್ಲ, ಆದ್ರೆ ಗೆರೆ ಹರಿದಿದೆ. ಯಾಕೆಂದ್ರೆ ಆ ಠಸ್ಸೆಯನ್ನ ನನ್ನ ಕಾರ್ಡು ನೋಡಿ ಮಾಡಿದ್ದಾರೆ. ಮಿಂಚುಳ್ಳಿ ಲಕೋಟೆ ನಕಲಿ."

ಹಕ್ಕಿ ಡಾಕ್ಟರು ನಿಧಾನಕ್ಕೆ ಕೂತರು. ಸಂಶಯಪ್ಪನವರ ಕಿವಿ ಕೆಂಪಗಾಗಿತ್ತು. ಅವರು ಕಾರ್ಡನ್ನು ಇಸಿದುಕೊಂಡು ತಾವೇ ಬಿಸಿಲಿಗೆ ಹಿಡಿದು ನೋಡಿದರು, ಮೇಜಿಗೆ ತಂದಿಟ್ಟರು.

"ಲಕೋಟೆ ಇಟ್ಟವರು ಯಾರು?" ಎಂದು ಮೇಷ್ಟ್ರನ್ನು ಕೇಳಿದರು.

ಮೇಷ್ಟ್ರು ಅಂಟಿಸಿದ್ದ ಚೀಟಿಯನ್ನು ಒಡೆದರು. ಒಳಗೆ ಖಾಲಿ ಕಾಗದ.

"ಕಾರ್ಡು ಯಾವಾಗಲೂ ನಿಮ್ಮ ಮನೆಯಲ್ಲೇ ಇತ್ತಾ?"

"ಇತ್ತು."

"ನಿಮ್ಮ ಯಜಮಾನರ ಕಸುಬು ಎಲ್ಲರಿಗೂ ಗೊತ್ತು," ಎಂದರು ಸಂಶಯಪ್ಪ. ಈ ಸಲ ನಗಲಿಲ್ಲ. "ಇದು ಸೀಲಿನ ಅಂಗಡಿಯಲ್ಲಿ ಆದ ಕೆಲಸ ಆದ್ರೆ ನಾನು ಸುಮ್ಮನಿರೋ ಹಾಗಿಲ್ಲ. ಪರವಾನಗಿ ಕಚೇರಿಗೆ ಬರೀಲೇಬೇಕು. ಹೇಳಿ ತಾಯಿ, ಯಾರು ಮಾಡಿದ್ದು?"

ಹೇಳುವುದಿಲ್ಲ ಎನ್ನಲು ಬಂದವಳು ನಾನು. ಆದರೆ ಆ ಹೊತ್ತಿನಲ್ಲಿ ಹೇಳುವುದಿಲ್ಲ ಎಂದರೆ ಹೇಳಿದ ಹಾಗೆಯೇ. ತುಕ್ಕು ಹಿಡಿದ ಬೀಗವೊಂದು ಕಣ್ಣಮುಂದೆ ಬಂತು. ಶಾಯಿಯ ಡಬ್ಬಿಯನ್ನು ಮುಚ್ಚಿ ತೆಗೆದು ಮಾಡುತ್ತಿದ್ದ ಕೈ ಬಂತು. ಸುಳ್ಳು ನನ್ನ ಕ್ಷೇತ್ರವಲ್ಲ. ಅದರಲ್ಲಿ ನನಗೆ ಅಭ್ಯಾಸವೇ ಇಲ್ಲ.

"ನಾನೇ ಮಾಡಿದ್ದು," ಎಂದೆ.

ಹಕ್ಕಿ ಡಾಕ್ಟರು ತಲೆಯೆತ್ತಿದರು.

"ಮೇಣದಲ್ಲಿ ಕೊರೆದೆ. ಹಲ್ಲಿನ ಅಚ್ಚು ತೆಗೆಯೋ ರಬ್ಬರಿನಲ್ಲಿ ಎತ್ತಿದೆ. ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಇದಕ್ಕೆ ಬೇಕಾದ್ದೆಲ್ಲ ಇದೆ. ಇನ್ನೊಂದು ಪ್ರತಿ ಸಿಗೋವರೆಗೆ ಅಂತ ನೀವೇ ಬರೆದಿದ್ರಿ. ಸಿಗಲಿಲ್ಲ, ಮಾಡ್ಕೊಂಡೆ. ನನ್ನ ಯಜಮಾನರಿಗೆ ಇದು ಗೊತ್ತಿಲ್ಲ."

"ಮಾಡಿದವರು ನೀವೇ ಯಾಕೆ ಬಯಲು ಮಾಡಿದ್ರಿ?"

"ಒಂದು ವಾರ ಅನ್ನ ಗಂಟಲಲ್ಲಿ ಇಳೀಲಿಲ್ಲ," ಎಂದೆ. ಅದು ನಿಜವಾಗಿತ್ತು, ಆದ್ದರಿಂದ ಉಳಿದದ್ದನ್ನೂ ನಂಬಿದರು.

ಸಂಶಯಪ್ಪ ಮತ್ತೆ ಕಾರ್ಡನ್ನು ಕೈಗೆತ್ತಿಕೊಂಡರು. ಆಮೇಲೆ, "ಒಂದನ್ನ ಮಾಡಿದವರು ಇನ್ನೊಂದನ್ನ ಮಾಡಿಲ್ಲ ಅಂತ ನಾನು ಹೇಗೆ ನಂಬಲಿ? ಕಾರ್ಡು ಹಳೇದಿರಬಹುದು. ಠಸ್ಸೆ?" ಎಂದರು. ಕೇಳಲೇಬೇಕಾದ ಪ್ರಶ್ನೆ. ನನ್ನ ಸುಳ್ಳೇ ಅದಕ್ಕೆ ಉತ್ತರವಾಗಿತ್ತು, ಎರಡೂ ನಕಲಿ ಎಂದು ಅವರು ಬರೆದುಕೊಂಡರು.

ನಮ್ಮಲ್ಲಿ ಒಂದು ನಿಯಮ ಇದೆ. ನಕಲಿ ಎಂದು ತೀರ್ಮಾನವಾದ ವಸ್ತುವಿನ ಹಿಂಬದಿಗೆ ಸಂಘದ ಸೀಲು ಹೊಡೆಯಬೇಕು, ಮುಂದೆ ಯಾರೂ ಮೋಸಹೋಗದಿರಲೆಂದು. ಮೇಷ್ಟ್ರು ಬೀರುವಿನಿಂದ ಆ ಸೀಲನ್ನೂ ಶಾಯಿಯ ಡಬ್ಬಿಯನ್ನೂ ತಂದರು. "ನಕಲಿ" ಎಂಬ ಮೂರು ಅಕ್ಷರ. ಹದಿನೈದು ವರ್ಷದ ಹಿಂದೆ ನನ್ನ ಗಂಡ ಕೈಯಲ್ಲೇ ಕೊರೆದು ಸಂಘಕ್ಕೆ ಪುಕ್ಕಟೆಯಾಗಿ ಕೊಟ್ಟದ್ದು. ಮೇಷ್ಟ್ರು ಮಿಂಚುಳ್ಳಿ ಲಕೋಟೆಯನ್ನು ತಿರುಗಿಸಿ ಹೊಡೆದರು. ಕಾರ್ಡಿನ ಮುಂದೆ ಬಂದಾಗ ಅವರ ಕೈ ನಿಂತಿತು.

"ನನ್ನಿಂದಾಗಲ್ಲಮ್ಮ," ಎಂದರು.

"ಕೊಡಿ ಮೇಷ್ಟ್ರೇ," ಎಂದು ನಾನೇ ಇಸಿದುಕೊಂಡೆ.

ಕಾರ್ಡಿನ ಹಿಂಬದಿಯಲ್ಲಿ ಎಂಟು ಸಾಲಿನ ಕಾಗದ ಇದೆ. ಯಾರೋ ತಂಗಿ ತನ್ನ ಅಕ್ಕನಿಗೆ, ಮಗುವಿಗೆ ಜ್ವರ ಬಿಟ್ಟಿದೆ, ಗಾಬರಿಯಾಗಬೇಡ ಎಂದು ಬರೆದದ್ದು. ಕೊನೆಯ ಸಾಲಿನ ಕೆಳಗೆ ಹೆಬ್ಬೆರಳಗಲದ ಖಾಲಿ ಜಾಗ. ಅಕ್ಷರಗಳಿಗೆ ತಾಗದ ಹಾಗೆ, ನಿಧಾನಕ್ಕೆ, ಆ ಜಾಗದಲ್ಲಿ ಒತ್ತಿದೆ. ಚೆನ್ನಾಗಿ ಮೂಡಿತು. ಅವರು ಕೊರೆದ ಸೀಲು ಯಾವತ್ತೂ ಕಲೆಸಿದ್ದಿಲ್ಲ.

ಸಂಘದಿಂದ ನಾನೇ ಬಿಡುತ್ತೇನೆಂದು ಹೇಳಿ, ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಹೊರಟೆ. ಬಾಗಿಲ ಬಳಿ ಹಕ್ಕಿ ಡಾಕ್ಟರು ಪಕ್ಕಕ್ಕೆ ಸರಿದರು.

ಮೆಟ್ಟಿಲ ಬುಡದಲ್ಲಿ ನನ್ನ ಗಂಡ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ. ಕೈಯಲ್ಲಿ, ಗೋಡೆಯಿಂದ ಇಳಿಸಿಕೊಂಡು ಬಂದ ಪರವಾನಗಿಯ ಚೌಕಟ್ಟು. ಅದನ್ನು ಎದೆಗೆ ಅವಚಿ ಹಿಡಿದಿದ್ದರು.

"ತಲೆ ಹಾಕ್ಬೇಡಿ ಅಂದಿದ್ನಲ್ಲ."

"ಆಗಲಿಲ್ಲ. ನಾನೇ ಮೇಲೆ ಹೋಗಿ ಹೇಳ್ತೀನಿ. ಇದನ್ನ ಅವರ ಕೈಗೇ ಕೊಟ್ಟುಬಿಡ್ತೀನಿ."

"ಹೇಳಿ ಆಯ್ತು. ನಾನೇ ಮಾಡಿದ್ದು ಅಂತ ಹೇಳ್ದೆ. ನಂಬಿದ್ರು. ಹೋಗಿ ಅದನ್ನ ಇದ್ದ ಮೊಳೆಗೇ ನೇತುಹಾಕಿ."

ಅವರು ನನ್ನ ಮುಖ ನೋಡಿದರು. "ಕಾರ್ಡು?"

ಚೀಲದಿಂದ ತೆಗೆದು ಹಿಂಬದಿ ತೋರಿಸಿದೆ. ತಾವು ಕೊರೆದ ಅಕ್ಷರಗಳನ್ನು ಅವರು ಒಂದೊಂದಾಗಿ ಓದಿದರು. ಬೀದಿಯಲ್ಲಿ ಜನ ಓಡಾಡುತ್ತಿದ್ದರು, ಇಲ್ಲದಿದ್ದರೆ ಅತ್ತುಬಿಡುತ್ತಿದ್ದರೇನೋ. ನನಗೂ ಅಳು ಬಂತು, ಆದರೆ ಅದಕ್ಕಿಂತ ಮುಂಚೆ ಕೇಳಬೇಕಾದ ಒಂದು ಮಾತಿತ್ತು. ವಾರವಿಡೀ ಅದು ನನ್ನನ್ನು ಕೊರೆಯುತ್ತಿತ್ತು.

"ಒಂದು ಹೇಳಿ. ಅಂಚೆಯವರು ಚೀಟಿ ಮತ್ತೆ ಉಪಯೋಗಕ್ಕೆ ಬರಬಾರದು ಅಂತ ಅದರ ಮುಖದ ಮೇಲೇ ಹೊಡೀತಾರೆ. ನಿಮಗೂ ಅದು ಗೊತ್ತು. ಮತ್ತೆ ಯಾಕೆ ಆ ಮೂಲೆಯಲ್ಲಿ ಒತ್ತಿದ್ರಿ?"

ಅವರು ಚೌಕಟ್ಟನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದರು.

"ಚೆಂದದ ಹಕ್ಕಿ," ಎಂದರು. "ಮೇಲೆ ಹೊಡೆಯೋಕೆ ಕೈ ಬರಲಿಲ್ಲ."

ನಾನು ಇಷ್ಟಪಟ್ಟದ್ದೂ ಅದನ್ನೇ. ಹಕ್ಕಿಯನ್ನಲ್ಲ, ಅದರ ಕೊಕ್ಕಿನಿಂದ ಕೂದಲೆಳೆ ದೂರದಲ್ಲಿ ನಿಂತ ಆ ಠಸ್ಸೆಯನ್ನು. ಆ ಮೇಜಿನ ಮೇಲೆ ನಲವತ್ತು ವಸ್ತುಗಳ ನಡುವೆ, ಕನ್ನಡಿ ಇಲ್ಲದ ಬರಿಗಣ್ಣಿನಲ್ಲಿ, ನಾನು ಆರಿಸಿಕೊಂಡದ್ದು ನನ್ನ ಗಂಡನ ಕೈಯನ್ನು.

ಇದನ್ನು ಅವರಿಗೆ ಹೇಳಲು ಬಾಯಿ ಬರಲಿಲ್ಲ. "ನಡೀರಿ, ಅತ್ತೆ ಊಟಕ್ಕೆ ಕಾಯ್ತಿರ್ತಾರೆ," ಎಂದೆ. ಮನೆಗೆ ಹೋಗಿ ಕೈತೊಳೆದು ಆಲ್ಬಮ್ ತೆಗೆದೆ, ಮೂರನೆಯ ಪುಟ ದಾಟಿ ತಿರುವಿದೆ, ಕಾರ್ಡನ್ನು ಅದರ ಜಾಗದಲ್ಲಿಟ್ಟೆ, ಪಕ್ಕದಲ್ಲಿ ಮಿಂಚುಳ್ಳಿಯನ್ನು ಇಟ್ಟೆ.